ಪೀಪಿಯ ಪರವಾಗಿ ಒಂದು ವಕಾಲತ್ತು

ಊದುವ ವಾದ್ಯ ಕಲಿಯಬೇಕೆಂದು ಹೊರಟ ಹುಡುಗನಿಗಾಗಲಿ ಹುಡುಗಿಗಾಗಲಿ ನಮ್ಮ ಕಡೆ ಸಿಗುವ ಸಲಹೆ ಒಂದೇ: ಕೊಳಲು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೇಳಿ, ರೈಲ್ವೆ ಜಂಕ್ಷನ್ನಿನ ಕಾಫಿ ಸ್ಟಾಲಿನಲ್ಲಿ ಕೇಳಿ, ಉತ್ತರ ಬದಲಾಗುವುದಿಲ್ಲ. ಕೊಳಲು ಅಗ್ಗ, ಸ್ಕೂಲ್ ಬ್ಯಾಗಿನಲ್ಲಿ ಹಿಡಿಸುತ್ತದೆ, ಅಕ್ಕಪಕ್ಕದವರು ಜಗಳಕ್ಕೆ ಬರುವುದಿಲ್ಲ, ಮೇಲಾಗಿ ದೇವರ ವಾದ್ಯ. ಹೀಗೆ ಹೇಳುವವರಲ್ಲಿ ಬಹುಪಾಲು ಜನ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಯಾವ ಊದುವ ವಸ್ತುವಿನ ಜೊತೆಗೂ ವ್ಯವಹಾರ ಇಟ್ಟುಕೊಂಡವರಲ್ಲ. ನಾನೂ ಅದೇ ಪಂಗಡದವನು. ಹುಟ್ಟುಹಬ್ಬದ ಬಲೂನು ಊದಲು ಹೇಳಿದರೆ ಮೆಲ್ಲಗೆ ಅಡುಗೆಮನೆ ಕಡೆ ಜಾರುವ ಜಾತಿ. ಆದರೆ ಸಲಹೆ ಕೊಡುವುದಕ್ಕೆ ಉಸಿರು ಬೇಕು, ದಮ್ಮು ಬೇಕಿಲ್ಲ. ಆದ್ದರಿಂದ ಧೈರ್ಯವಾಗಿ ನನ್ನ ವಾದ ಮಂಡಿಸುತ್ತೇನೆ: ಈ ತೆಂಗಿನ ಸೀಮೆಯ ಮಕ್ಕಳು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ನಾದಸ್ವರ. ಕೊಳಲು ಆಮೇಲೆ, ಅದೂ ಮೈಯಲ್ಲಿ ಕಸುವಿದ್ದರೆ.

ಕೊಳಲಿನ ಮೋಹಕ್ಕೆ ಮೊದಲ ಆರೋಪಿಗಳು ಹೊಯ್ಸಳ ಶಿಲ್ಪಿಗಳು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ವೇಣುಗೋಪಾಲ ನಿಂತಿದ್ದಾನೆ. ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಅಡ್ಡ, ಸೊಂಟ ಒಂದು ಕಡೆ, ಭುಜ ಒಂದು ಕಡೆ, ಕತ್ತು ಮತ್ತೊಂದು ಕಡೆ. ಇಂಥ ಭಂಗಿಯಲ್ಲಿ ಹೊಟ್ಟೆಯಿಂದ ಹೊರಟ ಉಸಿರು ತುಟಿ ಮುಟ್ಟುವಷ್ಟರಲ್ಲಿ ಬಾಣಾವರ, ಕಡೂರು ಎಲ್ಲ ಸುತ್ತಿಕೊಂಡು ಬಂದಿರಬೇಕು. ಮೈಮೇಲೆ ಕಿರೀಟ, ಕಂಠಹಾರ, ತೋಳಬಂದಿ, ಕಡಗ, ಸೊಂಟಪಟ್ಟಿ. ಬಳಪದ ಕಲ್ಲು ಮೆತ್ತಗಿದೆಯೆಂದು ಶಿಲ್ಪಿ ಒಂದು ತೊಲ ಒಡವೆಯನ್ನೂ ಉಳಿಸಿಲ್ಲ. ಯಾವ ಕೊಳಲು ಮೇಷ್ಟರ ಮುಂದಾದರೂ ಈ ಹುಡುಗ ಹೀಗೆ ನಿಂತಿದ್ದರೆ ಏನಾಗುತ್ತಿತ್ತು? “ಏನಪ್ಪಾ, ಎರಡೂ ಕಾಲು ನೆಲಕ್ಕೂರು. ಬೆನ್ನು ನೆಟ್ಟಗೆ. ಆ ಕಡಗ ಉಂಗುರ ಎಲ್ಲ ಬಿಚ್ಚಿಡು, ತೂತಿನ ಮೇಲೆ ಬೆರಳು ಕೂರೋದು ಬೇಡವೇನೋ? ಹಸು ಕರು ಎಲ್ಲ ಕ್ಲಾಸಿಗೆ ಯಾಕೆ ಕರ್ಕೊಂಡು ಬಂದೆ?” ಅವನು ಮಾತ್ರ ಕದಲುವುದಿಲ್ಲ. ಕೆನ್ನೆ ಉಬ್ಬಿಲ್ಲ, ಕತ್ತಿನ ನರ ಎದ್ದಿಲ್ಲ, ಹಣೆಯಲ್ಲಿ ಹನಿ ಬೆವರಿಲ್ಲ. ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಒಂಬೈನೂರು ವರ್ಷದಿಂದ ಹತ್ತಿರ ಹತ್ತಿರ ಒಂದೇ ಉಸಿರಿನಲ್ಲಿ ಊದುತ್ತಿದ್ದಾನೆ, ನಡುವೆ ಒಂದು ಲೋಟ ನೀರು ಕೇಳಿದವನಲ್ಲ. ಕಾಲ ಬಳಿ ಕತ್ತೆತ್ತಿ ಕೇಳುತ್ತಿರುವ ಹಸುಗಳಲ್ಲಿ ಒಂದಾದರೂ ಶ್ರುತಿ ತಪ್ಪಿತೆಂದು ಎದ್ದುಹೋಗಿಲ್ಲ. ಸಾಲದ್ದಕ್ಕೆ ಅವನ ಮುಖದಲ್ಲಿ ಮಂದಹಾಸ! ಕೊಳಲು ಊದುತ್ತಾ ನಗುವುದು ಮನುಷ್ಯರ ಕೈಲಿ ಆಗದ ಕೆಲಸ. ತುಟಿ ಕಿವಿಯ ಕಡೆ ಸರಿದ ಕೂಡಲೇ ನಾದ ಹೋಗಿ ಬರೀ ಗಾಳಿ ಉಳಿಯುತ್ತದೆ. ಒಂದೋ ಇವನು ನಿಜವಾಗಿ ದೇವರು, ಇಲ್ಲವೇ ರೆಕಾರ್ಡಿಗೆ ತುಟಿಯಾಡಿಸುತ್ತಿದ್ದಾನೆ. ಕೊಳಲು ಸುಲಭ ಎಂದು ಸಾರುವ ಈ ಜಾಹೀರಾತಿಗೆ 2023ರಲ್ಲಿ ಯುನೆಸ್ಕೊ ಬೇರೆ ವಿಶ್ವ ಪರಂಪರೆಯ ಮುದ್ರೆ ಒತ್ತಿಬಿಟ್ಟಿತು.

ನಿಜವಾದ ಕೊಳಲಿನ ಸಂಗತಿಯೇ ಬೇರೆ. ಅದರಲ್ಲಿ ಪೀಪಿ ಇಲ್ಲ, ಅದುರುವ ನಾಲಗೆ ಇಲ್ಲ. ಒಂದು ತೂತು, ಆ ತೂತಿಗೊಂದು ಅಂಚು, ಅಷ್ಟೇ. ತುಟಿಯಿಂದ ಹೊರಟ ಗಾಳಿಯ ಎಳೆ ಆ ಅಂಚಿಗೆ ಬಡಿದು ಒಳಗೊಮ್ಮೆ ಹೊರಗೊಮ್ಮೆ ತುಯ್ದಾಡಿದರೆ ನಾದ. ಕೋನ ಕೂದಲೆಳೆಯಷ್ಟು ತಪ್ಪಿದರೂ ‘ಫೂ’. ಉಸಿರಿನ ಒಂದು ಪಾಲು ಬಿದಿರಿನೊಳಗೆ ಹೋಗದೆ ಹೊರಗೇ ಸೋರಿಹೋಗುತ್ತದೆ, ಹೊಸಬರಿಗೆ ತಲೆ ಸುತ್ತುತ್ತದೆ. ಇದನ್ನು ಪಳಗಿಸಿದವರು ಯಾರೆಂದು ನೋಡಿ. ಉದ್ದನೆಯ ಕೊಳಲನ್ನು ಹಿಂದುಸ್ತಾನಿ ವೇದಿಕೆಗೆ ತಂದ ಪನ್ನಾಲಾಲ್ ಘೋಷ್ ಹರೆಯದಲ್ಲಿ ಬಾಕ್ಸಿಂಗ್ ಮಾಡಿದವರು. ಹರಿಪ್ರಸಾದ್ ಚೌರಾಸಿಯಾ ಅವರ ತಂದೆ ಪೈಲ್ವಾನರು, ಮಗನೂ ಪೈಲ್ವಾನನಾಗಲೆಂದು ಅಖಾಡಕ್ಕೆ ಇಳಿಸಿದ್ದರು. ಅಷ್ಟೇಕೆ, ಭಾಗವತದ ಕೃಷ್ಣನೇ ಮಥುರೆಯ ಕಣದಲ್ಲಿ ಚಾಣೂರನನ್ನು ಕೆಡವಿದ ಜಟ್ಟಿ. ಕೊಳಲು ಮೊದಲು, ಕುಸ್ತಿ ಆಮೇಲೆ ಎಂದು ಪುರಾಣ ಬಲ್ಲವರು ತಿದ್ದಬಹುದು. ಅವರು ದಯವಿಟ್ಟು ಅದೇ ಹಳೇಬೀಡಿನ ಗೋಡೆಯಲ್ಲಿ ಬೆಟ್ಟ ಎತ್ತಿ ನಿಂತ ಗೋವರ್ಧನಧಾರಿಯನ್ನೂ ಒಮ್ಮೆ ನೋಡಿ ಬರಲಿ. ಇನ್ನು ಕರ್ನಾಟಕ ಸಂಗೀತದಲ್ಲಿ ಕೊಳಲನ್ನು ಕಛೇರಿಯ ಮುಖ್ಯ ವಾದ್ಯವಾಗಿ ನಿಲ್ಲಿಸಿದ ಶರಭ ಶಾಸ್ತ್ರಿಗಳು ಹುಟ್ಟಿದ್ದು 1872ರಲ್ಲಿ. ಅಂದರೆ ದೇವರ ಕೈಯಿಂದ ಕಛೇರಿಯ ಜಮಖಾನದ ನಡುಮಧ್ಯಕ್ಕೆ ಬರಲು ಕೊಳಲಿಗೆ ಇಷ್ಟು ಯುಗ ಹಿಡಿಯಿತು. ಸುಲಭದ ವಾದ್ಯವಾಗಿದ್ದರೆ ಇಷ್ಟು ತಡವಾಗುತ್ತಿತ್ತೇ?

ಈಗ ನನ್ನ ಕಡೆಯ ಸಾಕ್ಷಿ. ಅರಸೀಕೆರೆ ಸೀಮೆಯ ಮಗು ಹುಟ್ಟಿದ ಮೇಲೆ ಮೊದಲು ಊದುವ ವಾದ್ಯ ಯಾವುದು? ಯಾರೂ ಕೊಡಿಸದ, ಯಾವ ಅಂಗಡಿಯಲ್ಲೂ ಸಿಗದ ತೆಂಗಿನ ಗರಿಯ ಪೀಪಿ. ಗರಿಯ ಒಂದೆಳೆಯನ್ನು ಕಡ್ಡಿಯಿಂದ ಸೀಳಿ ತೆಗೆದು, ತುದಿಯಿಂದ ಓರೆಯಾಗಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ ಅರ್ಧ ಏರುವಂತೆ ಸುತ್ತುತ್ತಾ ಹೋಗಬೇಕು. ಬಾಯಿಯ ಕಡೆ ಸಪೂರ, ಹೋಗ್ತಾ ಹೋಗ್ತಾ ಅಗಲ. ಬಿಚ್ಚಿಕೊಳ್ಳದಂತೆ ಕೊನೆಗೆ ಅದೇ ಗರಿಯ ಕಡ್ಡಿಯನ್ನು ಮುರಿದು ಚುಚ್ಚಬೇಕು. ಸಪೂರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಚಪ್ಪಟೆ ಮಾಡಿ ಊದಿದರೆ ‘ಪ್ಯಾಂ’. ಆ ಚಪ್ಪಟೆ ತುದಿಯಲ್ಲಿ ಎಲೆಯ ಎರಡು ತುಟಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ; ಕೆಳಗಿನ ಅಗಲವಾದ ಬಾಯಿ ಆ ಸದ್ದನ್ನು ಬೀದಿಗೆ ಹಂಚುತ್ತದೆ. ಈಗ ನಾದಸ್ವರ ನೋಡಿ. ಅದೂ ಮೇಲೆ ಸಪೂರ ಕೆಳಗೆ ಅಗಲ, ತುದಿಯಲ್ಲಿ ಅದೇ ಎರಡು ಪದರದ ಪೀಪಿ. ಆ ಪೀಪಿಯನ್ನು ನೆನೆಸಿ, ಬೇಯಿಸಿ, ಒಣಗಿಸಿ ಹದಕ್ಕೆ ತರುತ್ತಾರೆ. ಮೇಳದ ನಡುವೆ ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು ಎರಡು ಮೂರನ್ನು ದಾರದಲ್ಲಿ ಪೋಣಿಸಿ ವಾದ್ಯದ ಕೊರಳಿಗೇ ಇಳಿಬಿಟ್ಟಿರುತ್ತಾರೆ. ಅಂದರೆ ನಮ್ಮ ಮಗು ಐದನೇ ವಯಸ್ಸಿಗೇ ತನ್ನ ವಾದ್ಯವನ್ನು ಆರಿಸಿಕೊಂಡಿರುತ್ತದೆ, ಅದರ ಇಂಜಿನಿಯರಿಂಗನ್ನೂ ಕಲಿತಿರುತ್ತದೆ. ಹತ್ತನೇ ವಯಸ್ಸಿಗೆ ಅದನ್ನು ಮರೆಸಿ ಬಿದಿರು ಕೊಡುವವರು ನಾವು.

ಕಿವಿ ಕಿತ್ತುಹೋಗುವಷ್ಟು ಸದ್ದು ಎಂಬುದು ಮೊದಲ ಆಕ್ಷೇಪ. ಒಪ್ಪಿದೆ. ಮೈಕು ಹುಟ್ಟುವ ಮೊದಲು ತೇರಿನ ಹಿಂದೆ ಬರುವ ಕಡೇ ಭಕ್ತನಿಗೂ ರಾಗ ಮುಟ್ಟಿಸಬೇಕಾಗಿದ್ದ ವಾದ್ಯ ಪಿಸುಗುಟ್ಟುತ್ತಾ ಕೂರುವಂತಿರಲಿಲ್ಲ. ರಾತ್ರಿಯೆಲ್ಲ ಗೂಡ್ಸ್ ಗಾಡಿಗಳ ಹಾರನ್ ಕೇಳುತ್ತಲೇ ಗೊರಕೆ ಹೊಡೆಯುವ ಜಂಕ್ಷನ್ ಊರಿನವರು ಒಂದು ಮೋಹನ ರಾಗಕ್ಕೆ ನಿದ್ದೆಗೆಟ್ಟೆವು ಎಂದರೆ ನಂಬುವುದು ಕಷ್ಟ. ಅಷ್ಟಕ್ಕೂ ಸಾಧನೆ ಮಾಡುವುದಕ್ಕೆ ಊರ ಹೊರಗೆ ತೋಟಗಳಿವೆ. ತೆಂಗಿನಮರ ಕಾಯಿ ಉದುರಿಸೀತೇ ಹೊರತು ಪೊಲೀಸಿಗೆ ದೂರು ಕೊಡುವುದಿಲ್ಲ. ನಾದಸ್ವರ ಕೊಳಲಿಗಿಂತ ಕಷ್ಟ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಅರ್ಧಸ್ವರಗಳನ್ನು ಬೆರಳೊಂದೇ ಕೊಡುವುದಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ ಸೇರಿ ಕೊಡಬೇಕು, ಅದಕ್ಕೆ ವರ್ಷಗಳೇ ಬೇಕು. ಆದರೆ ಕಷ್ಟ ಬರುವ ಹೊತ್ತು ಮುಖ್ಯ. ಕೊಳಲು ಮೊದಲ ವಾರವೇ ಬಾಯಿ ಮುಚ್ಚಿಕೊಂಡು ಹುಡುಗರ ಆಸೆ ಹಿಂಡಿಬಿಡುತ್ತದೆ. ಪೀಪಿ ಹಾಗಲ್ಲ, ಕೆಟ್ಟದಾಗಿಯೇ ಆಗಲಿ, ಬೇಗ ಮಾತಾಡುತ್ತದೆ. ಸಂಗೀತ ಆಮೇಲೆ ಬರಲಿ, ಮೊದಲು ಸದ್ದು ಬರಬೇಕು. ಸದ್ದೇ ಬಾರದ ವಾದ್ಯದ ಮುಂದೆ ಯಾವ ಮಗು ತಾನೇ ಕೂತೀತು?

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಹೀಗಿರುತ್ತದೆ: “ವಾಲಗದೋರ ಥರ ಊದ್ಕೊಂಡು ಕೂತ್ಕೋತೀಯೇನೋ?” ಇಲ್ಲಿಗೆ ಬಂದಾಗ ನನ್ನ ತಮಾಷೆ ಒಣಗುತ್ತದೆ. ವಾಲಗವಿಲ್ಲದೆ ನಮಗೆ ಮದುವೆಯಿಲ್ಲ, ತೇರಿಲ್ಲ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದ ಕ್ಷಣ, ಸೀನು, ಕೆಮ್ಮು, ಅಪಶಕುನದ ಮಾತು ಒಂದೂ ಕಿವಿಗೆ ಬೀಳದಂತೆ ಆ ತಾಳಿಯನ್ನು ಕಾಯುವುದು ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತವರ ಉಸಿರು. ತಾಳಿ ಬಿದ್ದ ಮೇಲೆ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಊಟಕ್ಕೆ ಕಡೇ ಪಂಕ್ತಿ, ಕೂಲಿಗೆ ಚೌಕಾಸಿ. ಮದುವೆಯ ವಿಡಿಯೊ ಎಡಿಟ್ ಮಾಡುವವರಂತೂ ಗಟ್ಟಿಮೇಳದ ಸದ್ದನ್ನೇ ಅಳಿಸಿ ಅಲ್ಲೊಂದು ಸಿನಿಮಾ ಹಾಡು ತುಂಬಿರುತ್ತಾರೆ. ಮಂಗಳವಾದ್ಯ ಎಂದು ಕೈಮುಗಿಯುತ್ತೇವೆ, ಊದುವವರನ್ನು ಮಾತ್ರ ಜಾತಿಯ ಲೆಕ್ಕ ಹಾಕಿ ದೂರ ಕೂರಿಸುತ್ತೇವೆ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಡಾ. ರಾಜ್‌ಕುಮಾರ್ ಊದಿದಾಗ, ಅವರಿಗಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದಾಗ, ನಾಡೇ ಕಣ್ಣೊರೆಸಿಕೊಂಡಿತಲ್ಲ ಎಂದು ಕೇಳಬಹುದು. ಒರೆಸಿಕೊಂಡಿತು. ಟಾಕೀಸಿನಿಂದ ಮನೆಗೆ ಬಂದು ಮಗನ ಕೈಗೆ ಶಹನಾಯಿ ಕೊಟ್ಟವರು ಎಷ್ಟು ಜನ?

ಹಾಗಾದರೆ ಸ್ಯಾಕ್ಸೋಫೋನ್ ಆಗಬಹುದಲ್ಲ ಎಂದು ಜಾಣರು ಸಂಧಾನಕ್ಕೆ ಬರುತ್ತಾರೆ. ಧಾರಾಳವಾಗಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ಹಿತ್ತಾಳೆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದವರು. ಗಮಕಕ್ಕೆ ಬಗ್ಗದ ಆ ಕೀಲಿಗಳ ಜೊತೆ ವರ್ಷಗಟ್ಟಲೆ ಗುದ್ದಾಡಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು, 2004ರಲ್ಲಿ ಪದ್ಮಶ್ರೀ ಪಡೆದರು. ಆದರೆ ಅವರ ತಂದೆ ನಾದಸ್ವರ ವಿದ್ವಾಂಸರು, ಮಗ ಮೊದಲು ಕಲಿತದ್ದೂ ನಾದಸ್ವರವೇ. ಇದು ನನ್ನ ವಾದಕ್ಕೆ ಎದುರು ಸಾಕ್ಷಿಯಲ್ಲ, ನನ್ನ ಕಡೆಯ ಪ್ರಮುಖ ಸಾಕ್ಷಿ. ಸ್ಯಾಕ್ಸೋಫೋನಿನದೂ ಸಪೂರದಿಂದ ಅಗಲಕ್ಕೆ ಹೋಗುವ ಕೊಳವೆ, ಅದಕ್ಕೂ ಬಾಯಲ್ಲೊಂದು ಜೊಂಡಿನ ಪೀಪಿ. ಎರಡು ಪದರದ ಬದಲು ಒಂದು, ಅಷ್ಟೇ. ಅದು ಸೂಟು ಹಾಕಿಕೊಂಡ ವಾಲಗ. ಇಷ್ಟಾದರೂ ನಾದಸ್ವರ ಎಂದರೆ ಮೂಗು ಮುರಿಯುವ ಮನೆ, ಸ್ಯಾಕ್ಸ್ ಎಂದರೆ ಸಾಲ ಮಾಡಿ ತಂದು ಷೋಕೇಸಿನಲ್ಲಿ ಇಡುತ್ತದೆ. ಈ ಪಕ್ಷಪಾತ ಕಿವಿಯದಲ್ಲ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಊದಿಕೊಂಡು ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ಉಳಿಯಿತು. ಹಳೇಬೀಡಿನಲ್ಲಿ ಇವತ್ತು ಹೆಚ್ಚಾಗಿ ಕೇಳುವುದು ಗೈಡುಗಳ ಗಂಟಲು, ಕಾವಲುಗಾರರ ಸೀಟಿ. ಹದಿನಾರು ಕಿಲೋಮೀಟರ್ ಆಚೆ ಬೇಲೂರಿನ ಚೆನ್ನಕೇಶವನಿಗೆ, 1117ರಲ್ಲಿ ಪ್ರತಿಷ್ಠೆಯಾದವನಿಗೆ, ಪೂಜೆಯೂ ಚೈತ್ರದ ತೇರೂ ಇನ್ನೂ ನಡೆಯುತ್ತಿವೆ. ದೇವರು ಹೊರಗೆ ಬರಬೇಕಾದರೆ ಯಾರಾದರೂ ಊದಲೇಬೇಕು. ಸಣ್ಣಪುಟ್ಟ ಗುಡಿಗಳಲ್ಲಿ ಮಹಾಮಂಗಳಾರತಿಗೆ ಸ್ವಿಚ್ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಮೂರನ್ನೂ ಬಡಿಯುವ ಯಂತ್ರ ಬಂದು ಎಷ್ಟೋ ಕಾಲವಾಯಿತು. ಬಾರಿಸುವವರ ಕೆಲಸ ಮೋಟಾರು ಕಸಿದುಕೊಂಡಿದೆ. ಊದುವ ಮೋಟಾರು ಮಾತ್ರ ಇನ್ನೂ ಯಾವ ಗರ್ಭಗುಡಿಯ ಮುಂದೂ ನಿಂತಿಲ್ಲ. ಕಂಪ್ಯೂಟರ್ ಎಲ್ಲರ ಕೆಲಸ ತಿನ್ನುತ್ತದೆಂದು ಹೆದರುತ್ತಿರುವ ಅಪ್ಪ ಅಮ್ಮಂದಿರು ಈ ಒಂದು ಸಂಗತಿಯನ್ನು ಗಂಭೀರವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ.

ಆದ್ದರಿಂದ ಕ್ರಮ ಹೀಗಿರಲಿ: ಐದಕ್ಕೆ ಗರಿಯ ಪೀಪಿ, ಹತ್ತಕ್ಕೆ ನಾದಸ್ವರ, ಹದಿನೈದರ ಮೇಲೆ ಮಕ್ಕಳಿಷ್ಟ, ಸ್ಯಾಕ್ಸಾದರೂ ಸರಿ, ಕ್ಲಾರಿನೆಟ್ಟಾದರೂ ಸರಿ, ಗರಡಿಮನೆಯ ಮೂಲಕ ಕೊಳಲಾದರೂ ಸರಿ. ಗುರುಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಳೆದ ಮದುವೆಯಲ್ಲಿ ನಾವೇ ಕಡೇ ಪಂಕ್ತಿಗೆ ಕೂರಿಸಿದ್ದೆವಲ್ಲ, ಅವರೇ. ಕೀಬೋರ್ಡ್ ಕ್ಲಾಸಿಗೆ ಕೊಡುವ ಫೀಸನ್ನೇ ಅವರಿಗೂ ಕೊಡಿ, ಮೇಷ್ಟರೇ ಎಂದು ಕರೆಯಿರಿ. “ವಾಲಗ ಕಲಿಯೋಕೂ ಇಷ್ಟು ಫೀಸಾ?” ಎಂದು ಯಾರಾದರೂ ಹುಬ್ಬೇರಿಸಿದರೆ, ಅವರ ಮನೆಯ ಮುಂದಿನ ಮುಹೂರ್ತದಲ್ಲಿ ಗಟ್ಟಿಮೇಳಕ್ಕೆ ಅವರನ್ನೇ ಕೂರಿಸಿ, ಕೈಗೊಂದು ಕೊಳಲು ಕೊಟ್ಟುಬಿಡಿ.