ಆರಡಿ ಅಂತರ ಸಾಲದು

ನಮ್ಮ ಕುಟುಂಬದ ಅನ್ಯೋನ್ಯತೆಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಅದರ ಗುಟ್ಟು ಇಷ್ಟೇ: ಯಾರೂ ಯಾರ ಕೈಗೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಮ್ಮ, ಅಣ್ಣ, ಅತ್ತಿಗೆ ಇರುವುದು ತೀರ್ಥಹಳ್ಳಿಯಿಂದ ಒಳಗೆ, ಬಸ್ಸು ತಿರುಗಿಸಿಕೊಂಡು ವಾಪಸ್ ಹೋಗುವ ಜಾಗದಿಂದ ಇನ್ನೂ ಒಳಗೆ. ದೊಡ್ಡಪ್ಪ ಸಾಗರದಲ್ಲಿ, ಚಿಕ್ಕಪ್ಪ ಮೈಸೂರಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ, ನಾನು ಬೆಂಗಳೂರಲ್ಲಿ. ಮದುವೆ ಮುಂಜಿಗಳಲ್ಲಿ ಸೇರುತ್ತಿದ್ದೆವು. ದಪ್ಪ ಆಗಿದೀಯ, ಸಣ್ಣ ಆಗಿದೀಯ ಎಂದು ಪರಸ್ಪರ ತೂಕ ನೋಡಿಕೊಂಡು, ಹೋಳಿಗೆ ಉಂಡು, ಜಗಳಕ್ಕೆ ವಿಷಯ ಸಿಗುವ ಮುಂಚೆ ಬಸ್ಸು ಹತ್ತುತ್ತಿದ್ದೆವು. 2020ರ ಮಾರ್ಚಿನಲ್ಲಿ ಸರ್ಕಾರ ‘ಅಂತರ ಕಾಯ್ದುಕೊಳ್ಳಿ’ ಎಂದು ಸಾರಿತು. ನಾವು ಹಿರಿಯರ ಕಾಲದಿಂದ ಕಾಯ್ದುಕೊಂಡು ಬಂದಿದ್ದ ಅಂತರವನ್ನು ಅದೇ ಹೊತ್ತಿನಲ್ಲಿ ಮುರಿದು ಹಾಕಿದ ಕೀರ್ತಿ ನನ್ನದು.

ಆ ವರ್ಷ ಆಸ್ಪತ್ರೆಯ ಬಾಗಿಲಲ್ಲಿ ಫೋನ್ ಹಿಡಿದು ನಿಂತವರ ಕಥೆಗಳಿವೆ, ಅವುಗಳಲ್ಲಿ ನಗುವಂಥದ್ದು ಏನೂ ಇಲ್ಲ. ನಮ್ಮದು ದೇವರ ದಯೆಯಿಂದ ಏನೂ ಆಗದ ಮನೆ. ಏನೂ ಆಗದ ಮನೆಯಲ್ಲಿ ಏನಾದರೂ ಮಾಡಿಯೇ ತೀರುವವನು ಒಬ್ಬ ಇರುತ್ತಾನಲ್ಲ, ಅವನು ನಾನು.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಗೆ ಬಂದು ಇಪ್ಪತ್ತೊಂದು ದಿನ ಮನೆಯಲ್ಲೇ ಇರಿ ಅಂದರು. ಮಾರನೇ ದಿನವೇ ಯುಗಾದಿ. ಬೇವು ಬೆಲ್ಲವನ್ನು ವಾಟ್ಸಾಪ್ ವಿಡಿಯೋದಲ್ಲೇ ಒಟ್ಟಿಗೆ ತಿನ್ನೋಣ ಎಂದು ಕುಟುಂಬದ ಗ್ರೂಪಿನಲ್ಲಿ ಘೋಷಿಸಿಬಿಟ್ಟೆ. ಘೋಷಿಸಿದ ಮೇಲೆ ಗೊತ್ತಾಯಿತು, ಆಗ ವಾಟ್ಸಾಪಿನ ಒಂದು ಕರೆಯಲ್ಲಿ ನಾಲ್ಕೇ ಜನಕ್ಕೆ ಜಾಗ. ಎಂಟು ಮಾಡಿದ್ದು ಏಪ್ರಿಲ್ ಕೊನೆಗೆ. ನಾನು, ಅಮ್ಮ, ತಂಗಿ ಸೇರಿ ಮೂರಾಯಿತು. ಉಳಿದ ಒಂದು ಸೀಟಿಗೆ ಇಬ್ಬರು ಆಕಾಂಕ್ಷಿಗಳು. ಹಿರಿತನ ನೋಡಿ ದೊಡ್ಡಪ್ಪನಿಗೆ ಟಿಕೆಟ್ ಕೊಟ್ಟೆ. ಚಿಕ್ಕಪ್ಪ ಗ್ರೂಪಿನಲ್ಲಿ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದರು. ಆ ಕೈ ಮುಗಿದದ್ದರಲ್ಲಿ ನಮಸ್ಕಾರ ಇರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬಂದರು. ನ್ಯೂಜೆರ್ಸಿಯಲ್ಲಿ ಆಗ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ತಂಗಿ ‘ಹಬ್ಬದ ಶುಭಾಶಯ’ ಅನ್ನುತ್ತಲೇ ಅಮ್ಮ ತಡೆದಳು. ‘ನಿಂಗಿನ್ನೂ ಅಮಾವಾಸ್ಯೆ ಕಣೇ, ಬಾಯ್ಮುಚ್ಚು.’

‘ಇಲ್ಲಮ್ಮ, ನಮಗೆ ಹಬ್ಬ ಆಗಿಹೋಯ್ತು. ಬೆಳಿಗ್ಗೆಯೇ ಒಬ್ಬಟ್ಟು ಮಾಡಿ ಮುಗಿಸಿದೆ.’

ಇಲ್ಲಿ ದೊಡ್ಡಪ್ಪ ಪಂಚಾಂಗ ತೆರೆದರು. ಅಮಾವಾಸ್ಯೆ ಮುಗಿದದ್ದು 24ರ ಮಧ್ಯಾಹ್ನ ಮೂರರ ಸುಮಾರಿಗೆ. ನ್ಯೂಜೆರ್ಸಿಯಲ್ಲಿ ಅದು 24ರ ಬೆಳಕು ಹರಿಯುವ ಮುಂಚಿನ ಹೊತ್ತು. ಅಲ್ಲಿ ಸೂರ್ಯ ಹುಟ್ಟುವಾಗಲೇ ಪಾಡ್ಯ ಬಂದಿದ್ದರಿಂದ ಯುಗಾದಿ ಅವಳಿಗೆ 24ಕ್ಕೆ, ನಮಗೆ 25ಕ್ಕೆ. ಗಡಿಯಾರದಲ್ಲಿ ನಮಗಿಂತ ಹಿಂದಿರುವ ದೇಶ ಹಬ್ಬದಲ್ಲಿ ಒಂದು ದಿನ ಮುಂದೆ! ಈ ಸೋಜಿಗವನ್ನು ಅವರು ಉದಯ ತಿಥಿಯ ವ್ಯಾಖ್ಯೆಯಿಂದ ಹಿಡಿದು ವಿವರಿಸಿದರು. ವಿವರಣೆ ಪೂರ್ತಿ ನಮಗೆ ಕಂಡದ್ದು ಅವರ ಕಿವಿ. ಫೋನು ಅಂದಮೇಲೆ ಕಿವಿಗಿಟ್ಟುಕೊಳ್ಳದೆ ಇನ್ನೆಲ್ಲಿಡುವುದು? ಕಿವಿಯೊಳಗಿನ ಬೆಳ್ಳನೆಯ ಕೂದಲು, ಮೇಲೆ ಸಿಕ್ಕಿಸಿಕೊಂಡಿದ್ದ ಪೂಜೆಯ ತುಳಸಿ ದಳ, ಹಾಲೆಯ ಮೇಲೊಂದು ಮಚ್ಚೆ. ಅಮ್ಮ ಆ ಕಿವಿಗೇ ಬೇವು ಬೆಲ್ಲದ ಚಮಚ ತೋರಿಸಿ ‘ಭಾವಾ, ತಗೊಳ್ಳಿ’ ಅಂದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಿಕ್ಕಪ್ಪನ ಆ ಕೈ ಮುಗಿದ ಚಿತ್ರ ನನ್ನನ್ನು ಬಿಡಲಿಲ್ಲ. ಎಲ್ಲರಿಗೂ ಸೀಟು ಸಿಗುವ ಜೂಮ್ ಇದೆ ಎಂದು ಆಫೀಸಿನ ಮೀಟಿಂಗುಗಳಿಂದ ತಿಳಿದಿತ್ತು. ದಿನಾ ಸಂಜೆ ಏಳಕ್ಕೆ ಕುಟುಂಬ ಸಭೆ ಎಂದು ನಿಗದಿ ಮಾಡಿದೆ. ಏಳೇ ಯಾಕೆಂದರೆ, ರಾತ್ರಿ ಒಂಬತ್ತಕ್ಕೆ ದೂರದರ್ಶನದಲ್ಲಿ ಮತ್ತೆ ರಾಮಾಯಣ ಶುರುವಾಗಿತ್ತು. ಆ ಹೊತ್ತಲ್ಲಿ ಅಮ್ಮನನ್ನು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಶೂಟಿಂಗ್ ನಿಂತು ಧಾರಾವಾಹಿಗಳೆಲ್ಲ ಹಳೇ ಕಂತು ಹಾಕುತ್ತಿದ್ದುದರಿಂದ ಏಳರ ಹೊತ್ತು ಖಾಲಿ ಇತ್ತು.

ಅಮ್ಮನ ಫೋನಿಗೆ ಆಪ್ ಹಾಕಿಸಿದ್ದು ಒಂದು ಬೇರೆಯೇ ಅಧ್ಯಾಯ. ಅವಳು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದುದು ಸರ್ಕಾರದ ಕೊರೊನಾ ಸಂದೇಶದ ಕೆಮ್ಮು. ಅದನ್ನು ಅವಳು ನನ್ನದೆಂದೇ ನಂಬಿದ್ದಳು.

‘ನಾನಲ್ಲಮ್ಮ ಕೆಮ್ಮಿದ್ದು, ಸರ್ಕಾರ.’

‘ಯಾರಾದ್ರೂ ಕೆಮ್ಲಿ, ನೀನು ಕಾಳುಮೆಣಸಿನ ಕಷಾಯ ಕುಡಿ.’

ಕಷಾಯ ಕುಡಿದೆ ಎಂದು ಆಣೆ ಮಾಡಿದ ಮೇಲೆಯೇ ನೀಲಿ ಬಟನ್ ಎಲ್ಲಿದೆ ಎಂದು ಹುಡುಕಲು ಒಪ್ಪುತ್ತಿದ್ದಳು.

ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಸಿಗುವುದು ಕೊಟ್ಟಿಗೆ ಹಿಂದಿನ ಧರೆಯ ಮೇಲೆ, ಹಲಸಿನ ಮರದ ಬುಡದಲ್ಲಿ, ಅದೂ ಮರದ ಎಡಬದಿಗೆ. ಸಂಜೆಯಾಗುತ್ತಲೇ ಅಣ್ಣ ಪ್ಲಾಸ್ಟಿಕ್ ಕುರ್ಚಿ ಹೊತ್ತು ಮುಂದೆ, ಅತ್ತಿಗೆ ಬ್ಯಾಟರಿ ಹಿಡಿದು ನಡುವೆ, ಅಮ್ಮ ಸೊಂಟಕ್ಕೆ ಶಾಲು ಬಿಗಿದು ಹಿಂದೆ. ಮಂಗನ ಕಾಯಿಲೆ ಹುಟ್ಟಿದ ಜಿಲ್ಲೆ ನಮ್ಮದು. ‘ಕೊರೊನಾ ಚೀನಾದಿಂದ ಬರಬೇಕು, ಉಣುಗು ಈ ದರಗಿನಲ್ಲೇ ಇದೆ. ನಿನ್ನ ಮುಖ ನೋಡಕ್ಕೆ ದಿನಾ ಕಾಲಿಗೆ ಎಣ್ಣೆ ಹಚ್ಕೊಂಡು ಬರಬೇಕು’ ಎಂದು ಅತ್ತಿಗೆ ಸಭೆಯಲ್ಲೇ ಅಂದರು. ನನ್ನ ಮುಖಕ್ಕೆ ಅಷ್ಟು ಬೆಲೆ ಇಲ್ಲವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಕಾಣಲಿಲ್ಲ.

ಜೂಮ್ ಪುಕ್ಕಟೆ ಕೊಡುತ್ತಿದ್ದುದು ನಲವತ್ತು ನಿಮಿಷ. ಇದನ್ನು ನಾನು ಸಭೆಗೆ ತಿಳಿಸಿರಲಿಲ್ಲ. ನಮ್ಮವರ ಹತ್ತಿರ ನಲವತ್ತು ನಿಮಿಷದ ಮಾತಿದೆ ಎಂಬ ಅಂದಾಜೇ ಇರಲಿಲ್ಲ. ದೊಡ್ಡಪ್ಪನದು ವಿಳಂಬಿತ ಲಯ. ಮಳೆ, ಅಡಿಕೆ ಧಾರಣೆ, ಮೊಣಕಾಲು ಎಲ್ಲ ಮುಗಿದ ಮೇಲೆಯೇ ವಿಷಯ. ಒಂದು ಸಂಜೆ ಗಂಟಲು ಸರಿ ಮಾಡಿಕೊಂಡು, ‘ನಿನ್ನಪ್ಪ ಇದ್ದಾಗ, ಆ ಹಳೇ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಒಂದು ಮಾತು...’ ಅಂದರು. ಅಲ್ಲಿಗೆ ಸಮಯ ಮುಗಿದು ಎಲ್ಲರೂ ಮಾಯ.

ದೊಡ್ಡಪ್ಪನ ಪ್ರಕಾರ ನಾನು ಬೇಕೆಂದೇ ಕರೆ ಕತ್ತರಿಸಿದೆ. ಅಮ್ಮನ ಪ್ರಕಾರ ದೊಡ್ಡಪ್ಪ ಸಿಟ್ಟಿನಿಂದ ಫೋನ್ ಇಟ್ಟರು. ಮೂವತ್ತು ವರ್ಷ ಬಾವಿಯ ಪಕ್ಕ ತುಕ್ಕು ಹಿಡಿದು ತೆಪ್ಪಗೆ ಕೂತಿದ್ದ ಪಂಪ್‌ಸೆಟ್ಟು ಮಾರನೇ ದಿನದಿಂದ ಮಾತಾಡತೊಡಗಿತು. ಅಣ್ಣ ಹಳೇ ಡೈರಿ ಹುಡುಕಿದ. ಅಮ್ಮ ಬಾಯಿಲೆಕ್ಕದಲ್ಲೇ ಬಡ್ಡಿ ಹಾಕಿದಳು. ಅಷ್ಟು ದಿನ ಮಾತಿಲ್ಲದೆ ಕೂರುತ್ತಿದ್ದ ಚಿಕ್ಕಪ್ಪ ಮ್ಯೂಟ್ ತೆಗೆದು, ‘ಅದರಲ್ಲಿ ನಂದೂ ಒಂದು ಪಾಲಿದೆ’ ಎಂದು ನೆನಪಿಸಿದರು. ವಾರದ ಮೇಲೆ ದೊಡ್ಡಪ್ಪ ಮುನಿಸು ಬಿಟ್ಟು ಬಂದು ವಾಕ್ಯ ಪೂರ್ತಿ ಮಾಡಿದರು: ಆ ಲೆಕ್ಕದಲ್ಲಿ ಅಪ್ಪ ತನಗೆ ಬರಬೇಕಾದ್ದಕ್ಕಿಂತ ಕಮ್ಮಿ ತೆಗೆದುಕೊಂಡಿದ್ದ, ಎಂಥ ದೊಡ್ಡ ಮನಸ್ಸು ಎಂದು ಹೇಳುವುದಿತ್ತಂತೆ. ಅಷ್ಟರಲ್ಲಿ ಚಿಕ್ಕಪ್ಪ ಮೋಟರು, ಪೈಪು, ಶೆಡ್ಡಿನ ತಗಡು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಬರೆದು ಗ್ರೂಪಿಗೆ ಹಾಕಿಯಾಗಿತ್ತು.

ಇದನ್ನೆಲ್ಲ ಮರೆಸಲು ಸಭೆಗೆ ಸ್ವಲ್ಪ ರಂಗು ತರೋಣ ಅನ್ನಿಸಿತು. ಸತ್ಯ ಹೇಳುವುದಾದರೆ, ನನ್ನ ಹಿಂದಿನ ಹಗ್ಗದ ಮೇಲೆ ಒಣಗುತ್ತಿದ್ದ ಬನಿಯನ್ನುಗಳ ಬಗ್ಗೆ ಅತ್ತಿಗೆ ಆಡಿದ ಮಾತು ಚುಚ್ಚಿತ್ತು. ಲ್ಯಾಪ್‌ಟಾಪಿನಲ್ಲಿ ಬೇಕಾದ ಚಿತ್ರವನ್ನು ಹಿನ್ನೆಲೆಗೆ ಹಾಕಿಕೊಳ್ಳಬಹುದೆಂದು ಕಂಡುಹಿಡಿದು, ಮಳೆಗಾಲದಲ್ಲಿ ತುಂಬಿ ಧುಮುಕುವ ಜೋಗದ ಚಿತ್ರ ಹಾಕಿದೆ. ನನ್ನ ಒಂದು ಪಕ್ಕ ರಾಜ, ಇನ್ನೊಂದು ಪಕ್ಕ ರಾಣಿ, ರೋರರ್ ಮತ್ತು ರಾಕೆಟ್ ತಲೆಯ ಹಿಂದೆ. ತಲೆ ಆಡಿಸಿದರೆ ಅರ್ಧ ಕಿವಿ ನೀರಲ್ಲಿ ಕರಗುತ್ತಿತ್ತು, ಕೈ ಎತ್ತಿದರೆ ಕಂಕುಳಿಂದ ಜಲಧಾರೆ. ಬಹಳ ಚೆನ್ನಾಗಿದೆ ಅಂದುಕೊಂಡೆ.

ಅಮ್ಮ ಧರೆಯ ಮೇಲಿಂದ ಕಿರುಚಿದಳು. ‘ಇಂಥಾ ಹೊತ್ತಲ್ಲಿ ಜೋಗಕ್ಕೆ ಬಂದಿದೀಯಾ! ಪೊಲೀಸ್ರು ಲಾಠಿ ಹಿಡ್ಕೊಂಡು ನಿಂತಿದಾರೆ ಮಾರಾಯ, ಹೆಂಡ್ತೀನ ಎಲ್ಲಿ ಬಿಟ್ಟೆ?’

ದೊಡ್ಡಪ್ಪನ ಚಿಂತೆ ಬೇರೆ ದಾರಿ ಹಿಡಿಯಿತು. ಅವರು ಹುಟ್ಟಾ ಸಾಗರದವರು, ಕಡುಬೇಸಗೆಯಲ್ಲಿ ಜೋಗದಲ್ಲಿ ಎಷ್ಟು ನೀರಿರುತ್ತದೆಂದು ಗೊತ್ತು. ‘ಏಪ್ರಿಲ್ಲಲ್ಲಿ ಇಷ್ಟು ನೀರಾ? ಅಂದ್ರೆ ಲಿಂಗನಮಕ್ಕಿ ಗೇಟು ತೆಗೆದಿದಾರೆ. 1819 ಅಡಿ ತುಂಬದೆ ಗೇಟು ತೆಗೆಯೋದು ಉಂಟಾ?’ ನಾನು ಚಿತ್ರ, ಚಿತ್ರ ಎಂದು ಅರಚುತ್ತಿದ್ದೆ, ಆದರೆ ಬನಿಯನ್ನು ಮುಚ್ಚುವ ಭರದಲ್ಲಿ ಮ್ಯೂಟ್ ಆಗಿದ್ದೆ. ಕೈ ಬೀಸಿ ಇಲ್ಲ ಎಂದು ತೋರಿಸಿದೆ. ಬೀಸಿದಷ್ಟೂ ನೀರು ಉಕ್ಕಿತು. ದೊಡ್ಡಪ್ಪ ಆಗಲೇ ಲ್ಯಾಂಡ್‌ಲೈನಿನಲ್ಲಿ ಕಾರ್ಗಲ್ಲಿನ ಪರಿಚಯದವರಿಗೆ ಫೋನ್ ಹಚ್ಚಿ, ಗೇಟು ಬಿಟ್ಟ ವಿಷಯ ಮುಚ್ಚಿಟ್ಟಿದ್ದಕ್ಕೆ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಧರೆಯ ಮೇಲೆ ಆಡಿದ ಮಾತು ಕೆಳಗಿನ ಕೇರಿಗೆಲ್ಲ ಕೇಳುತ್ತದೆ. ಆ ದಿನಗಳಲ್ಲಿ ಬೆಂಗಳೂರಿನಿಂದ ಬಂದವನೆಂದರೆ ಹಳ್ಳಿಯಲ್ಲಿ ಹುಲಿ ಬಂದಷ್ಟೇ ಸುದ್ದಿ. ಬೆಳಗಾಗುವುದರಲ್ಲಿ ಆಶಾ ಕಾರ್ಯಕರ್ತೆ ನೋಟ್‌ಬುಕ್ಕು ಹಿಡಿದು ಅಂಗಳದಲ್ಲಿ ನಿಂತಿದ್ದರು.

‘ಮಗ ಬಂದಿದಾರಂತಲ್ಲ ಅಮ್ಮಾ?’

‘ಬಂದಿಲ್ಲ. ಫೋನಲ್ಲಿ ಬಂದಿದ್ದ.’

‘ಜೋಗದಲ್ಲಿ ಇದ್ರಂತೆ?’

‘ಅವನ ಹಿಂದೆ ಜೋಗ ಇತ್ತು. ಅವನು ಜೋಗದಲ್ಲಿ ಇರ್ಲಿಲ್ಲ.’

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ಆ ಪುಣ್ಯಾತ್ಗಿತ್ತಿ ಬಹಳ ಹೊತ್ತು ಯೋಚಿಸಿದರಂತೆ. ದಿನಕ್ಕೆ ಎಷ್ಟೋ ಮನೆ ಸುತ್ತಬೇಕಾದವರು, ಅಟ್ಟ, ಕೊಟ್ಟಿಗೆ, ಬಚ್ಚಲುಮನೆ ಇಣುಕಿ, ನಾನು ಎಲ್ಲೂ ಅಡಗಿಲ್ಲವೆಂದು ಖಾತ್ರಿಪಡಿಸಿಕೊಂಡು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಕೇರಿಯವರಿಗೆ ಮಾತ್ರ ಖಾತ್ರಿಯಾಗಲಿಲ್ಲ. ಹದಿನೈದು ದಿನ ನಮ್ಮ ಮನೆಯ ಹಾಲನ್ನು ಯಾರೂ ಕೊಳ್ಳಲಿಲ್ಲ. ಅತ್ತಿಗೆ ಅಷ್ಟನ್ನೂ ಹೆಪ್ಪು ಹಾಕಿ ತುಪ್ಪ ಕಾಯಿಸಿದರು. ಲಾಕ್‌ಡೌನ್ ಸಡಿಲಾದ ಮೇಲೆ ಎಲ್ಲರಿಗೂ ತುಪ್ಪ ಬಂತು, ನನಗೆ ಬರಲಿಲ್ಲ.

ಇಷ್ಟಾದರೂ ಸಭೆ ನಿಲ್ಲಲಿಲ್ಲ. ನಿಲ್ಲಿಸುವವರು ಯಾರು? ಶುರು ಮಾಡಿದವನಿಗೆ ಆ ಹಕ್ಕಿಲ್ಲ. ಏಳಕ್ಕೆ ಐದು ನಿಮಿಷ ಇರುವಾಗಲೇ ಅಮ್ಮ ‘ಲಿಂಕು’ ಎಂದು ಒಂದೇ ಶಬ್ದದ ಸಂದೇಶ ಕಳಿಸುತ್ತಿದ್ದಳು. ಅವಳಷ್ಟು ಚುರುಕಾಗಿ ಮ್ಯೂಟ್ ಹಾಕಿ ತೆಗೆಯುವುದು ನಮ್ಮ ಆಫೀಸಿನಲ್ಲಿ ಯಾರಿಗೂ ಬರುವುದಿಲ್ಲ. ಅತ್ತಿಗೆ ನನ್ನ ಬಗ್ಗೆ ಏನಾದರೂ ಹೇಳುವಾಗ ಹಾಕುತ್ತಿದ್ದಳು.

ಆಗಸ್ಟ್ 22ಕ್ಕೆ ಗಣೇಶನ ಹಬ್ಬ. ಮನೆಗೆ ಬರಲು ಪುರೋಹಿತರು ಒಲ್ಲೆ ಅಂದರು, ಜೂಮಿನಲ್ಲೇ ಮಾಡಿಸುತ್ತೇನೆ ಅಂದರು. ಕುಟುಂಬವೆಲ್ಲ ಪ್ರೇಕ್ಷಕರು. ನಾನು ಮಡಿಯುಟ್ಟು, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಕೂತೆ. ‘ಬಲಗೈಯಲ್ಲಿ ನೀರು ಹಿಡ್ಕೊಳ್ಳಿ, ನಾನು ಹೇಳೋ ತನಕ ಬಿಡಬೇಡಿ’ ಅಂದವರೇ ಪುರೋಹಿತರು ಬಾಯಿ ಅರ್ಧ ತೆರೆದು, ಒಂದು ಬೆರಳು ಮೇಲೆತ್ತಿ, ನಿಂತುಹೋದರು. ನೆಟ್‌ವರ್ಕ್ ಹೋಗಿತ್ತು. ಹೇಳೋ ತನಕ ಬಿಡಬಾರದಲ್ಲ, ನಾನು ನೀರು ಹಿಡಿದು ಅಲುಗಾಡದೆ ಕೂತೆ. ಹನಿ ಹನಿಯಾಗಿ ಮೊಣಕೈಗೆ ಇಳಿಯುತ್ತಿತ್ತು.

‘ಇವನೂ ನಿಂತುಹೋದ ನೋಡು’ ಅಂದ ಅಣ್ಣ.

‘ಹೌದನಾ?’ ಅಂದರು ದೊಡ್ಡಪ್ಪ. ‘ಹುಡುಗ ಒಳ್ಳೆಯವನೇ. ತಲೆ ಸ್ವಲ್ಪ ಕಮ್ಮಿ.’

‘ಅವರಪ್ಪನ ಕಡೆಯದ್ದು’ ಅಂದಳು ಅಮ್ಮ. ಮ್ಯೂಟ್ ಹಾಕಿರಲಿಲ್ಲ. ಅಪ್ಪನ ಕಡೆಯವರಿಬ್ಬರೂ ಹೌದು ಹೌದು ಅಂದರು.

ಪುರೋಹಿತರು ಮತ್ತೆ ಜೀವ ತಾಳಿದಾಗ ಪೂಜೆ ಮುಂದುವರಿಯಿತು, ಆದರೆ ನನ್ನ ಮನಸ್ಸು ಗಣಪತಿಯ ಮೇಲಿರಲಿಲ್ಲ. ಅಲುಗಾಡದೆ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ ಎಂಬ ದೊಡ್ಡ ಸತ್ಯ ಕೈಗೆ ಸಿಕ್ಕಿತ್ತು.

ಅದು ಬಲು ಬೇಗ ಉಪಯೋಗಕ್ಕೆ ಬಂತು. ದೀಪಾವಳಿಯ ಹೊತ್ತಿಗೆ ಚಿಕ್ಕಪ್ಪ, ಯುಗಾದಿಯ ಸೀಟಿನ ಸೇಡನ್ನು ಹೀಗೆ ತೀರಿಸಿಕೊಳ್ಳುತ್ತಾರೆಂದು ಯಾರೂ ಎಣಿಸಿರಲಿಲ್ಲ, ಜೂಮಿಗೆ ಕೈಯಿಂದ ದುಡ್ಡು ಕಟ್ಟಿ ನಲವತ್ತು ನಿಮಿಷದ ಮಿತಿಯನ್ನೇ ತೆಗೆಸಿಬಿಟ್ಟರು. ಆ ಸಂಜೆ ಪಂಪ್‌ಸೆಟ್ಟಿನ ಮೂರನೇ ಪರಿಷ್ಕೃತ ಲೆಕ್ಕ ಓದುತ್ತಾ, ‘ಈಗ ನೀನು ಹೇಳು, ತಗಡಿನ ದುಡ್ಡು ಯಾರು ಕೊಡಬೇಕು?’ ಎಂದು ನೇರವಾಗಿ ನನ್ನನ್ನೇ ಕೇಳಿದರು.

ನಾನು ಬಾಯಿ ಅರ್ಧ ತೆರೆದು, ಬೆರಳು ಮೇಲೆತ್ತಿ, ನಿಂತುಹೋದೆ.

‘ಹೋಯ್ತು ನೆಟ್‌ವರ್ಕು’ ಅಂದ ಅಣ್ಣ. ದೊಡ್ಡಪ್ಪ ನಿಟ್ಟುಸಿರುಬಿಟ್ಟು ಮೊಣಕಾಲಿನ ಕಡೆ ಹೊರಳಿದರು. ಕಣ್ಣು ಮಿಟುಕಿಸದೆ ಕೂತಿದ್ದೆ, ಕಣ್ಣಲ್ಲಿ ನೀರು ಬರತೊಡಗಿತ್ತು. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಕುಕ್ಕರ್ ಕೂಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಮತ್ತೊಂದು ಸಲ.

ಧರೆಯ ಮೇಲೆ ಅಮ್ಮ ಫೋನನ್ನು ಮುಖದ ಹತ್ತಿರ ತಂದಳು. ‘ನೀನು ನಿಂತುಹೋಗಿದೀಯ, ಸರಿ. ಬೇಳೆಗೆ ಮೂರು ವಿಷಲ್ ಸಾಕು. ಎದ್ದು ಆಫ್ ಮಾಡಿ ಬಂದು ಮತ್ತೆ ನಿಂತ್ಕೋ.’

ಎದ್ದು ಆಫ್ ಮಾಡಿ ಬಂದೆ. ತಗಡಿನ ದುಡ್ಡು ನಾನೇ ಕೊಡುವುದೆಂದು ಅಷ್ಟರಲ್ಲಿ ತೀರ್ಮಾನವಾಗಿತ್ತು.