ಅಂಬಿಗನ ಅರ್ಹತಾಪತ್ರ

ಹಾಸನದ ನಿವೃತ್ತ ಗುಮಾಸ್ತರಾದ ರಾಯರು, ಹೇಮಾವತಿ ಜಲಾಶಯದೊಳಗೆ ಅರ್ಧ ಮುಳುಗಿದ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಕಾಣುವ ಅಪೇಕ್ಷೆಯಿಂದ ಹರಿಗೋಲನ್ನೇರಿ, ಸಮುದ್ರವಿಲ್ಲದ ಜಿಲ್ಲೆಯವರಿಗೆ ಸಹಜವಾದ ಉತ್ಸಾಹದಿಂದ ಅಂಬಿಗನಿಗೆ ನೌಕಾಶಾಸ್ತ್ರವನ್ನು ಉಪದೇಶಿಸತೊಡಗಿದರು.

“ನಮ್ಮ ಅಳಿಯ ಪಣಂಬೂರಿನ ಬಂದರಿನಲ್ಲಿ ಪೈಲಟ್, ಕಣಯ್ಯ.”

“ಇಮಾನ ಬಿಡ್ತಾರಾ ಬುದ್ಧಿ?”

“ಅಲ್ಲವೋ! ಹೊರಗಿನಿಂದ ಬಂದ ಹಡಗನ್ನೇರಿ, ಆಳ, ಗಾಳಿ, ಸೆಳವುಗಳನ್ನು ಕಪ್ತಾನನಿಗೆ ತಿಳಿಸಿ ಧಕ್ಕೆಗೆ ಸೇರಿಸುವವನು. ಐದು ವರ್ಷ ಮೀರದಂತೆ ಅವನ ಜ್ಞಾನವನ್ನೂ ದೇಹಾರೋಗ್ಯವನ್ನೂ ಪುನಃ ಪರೀಕ್ಷಿಸತಕ್ಕದ್ದೆಂದು ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2003ರಲ್ಲೇ ಶಿಫಾರಸು ಮಾಡಿದೆ.”

“ಐದು ವರ್ಸವಾ? ನಂಗೆ ಈ ನೀರು ವರ್ಸಾವರ್ಸಾ ಪರೀಕ್ಸೆ ಮಾಡ್ತದೆ. ಮಳೆಗಾಲ್ದಾಗೆ ಗೋಡೆ ಮುಳುಗ್ತವೆ. ಬ್ಯಾಸ್ಗೇಲಿ ಜನ ನಡ್ಕಂಡೇ ಓಯ್ತಾರೆ, ನನ್ ಲೈಸೆನ್ಸೇ ರದ್ದು!”

“ಪ್ರಮಾಣಪತ್ರವಿದೆಯೇ?”

“ಅಪ್ಪ ಕೊಟ್ಟ ಹುಟ್ಟೈತೆ.”

“ಕಾಗದವಿಲ್ಲದ ವಿದ್ಯೆ ವಿದ್ಯೆಯೇ? ನಿಮ್ಮಂಥ ಅಂಬಿಗರಿಗೂ ತರಬೇತಿ ಏರ್ಪಡಿಸಬೇಕು: ಅರಕಲಗೂಡಿನಲ್ಲಿ ಉದ್ಘಾಟನೆ, ಚನ್ನರಾಯಪಟ್ಟಣದಲ್ಲಿ ಪುನಶ್ಚೇತನ ಶಿಬಿರ, ಹೊಳೆನರಸೀಪುರದಲ್ಲಿ ಸಮಾರೋಪ...”

“ಚನ್ನರಾಯಪಟ್ಣದಾಗೆ ಹೊಳೆಯೇ ಇಲ್ವಲ್ಲ ಬುದ್ಧಿ?”

“ತರಬೇತಿಗೆ ನೀರೇಕಯ್ಯ? ಸಭಾಂಗಣ ಸಾಕು, ಊಟವಿರಬೇಕು.”

ಬೃಹನ್ನೌಕೆಗಳನ್ನು ನಡೆಸುವವನಿಗೆ ಐದು ವರ್ಷದೊಳಗಿನ ಆ ಮರುಪರೀಕ್ಷೆಯು ಅತ್ಯವಶ್ಯವೇ ಸರಿ. ಆದರೆ ಈ ಹರಿಗೋಲಿಗೆ ಮೊದಲು ಬೇಕಾದುದು, ಈಜು ಬಾರದ ರಾಯರಿಗೊಂದು ಲೈಫ್ ಜಾಕೆಟ್.