ಆಡು ಮುಟ್ಟದ ಗಿಡ

ಮೊನ್ನೆ ಬೇಲಿ ಆಚೆಯಿಂದ ಕಾಕು ಬಗ್ಗಿ ನೋಡಿ, "ತಮ್ಮಾ, ಈ ಮುಳ್ಳ ಯಾಕ ಸಾಕೀದಿ? ಮನ್ಯಾಗ ಜಗಳ ಹತ್ತತಾವ" ಅಂದರು. ಅವರ ಮನೆ ಬಾಗಿಲಿಗೇ ದೃಷ್ಟಿ ತಾಗಬಾರದೆಂದು ಕಳ್ಳಿ ತಲೆಕೆಳಗಾಗಿ ಜೋತಾಡುತ್ತಿದೆ! ಹೊರಗಿನ ಕಳ್ಳಿ ಕಾಯುತ್ತದೆ, ಕುಂಡದ ಕಳ್ಳಿ ಜಗಳ ಹಚ್ಚುತ್ತದೆ, ಇದ್ಯಾವ ಲೆಕ್ಕ ಅಂತೀನಿ.

ನರ್ಸರಿಯವರು ಯುಫೋರ್ಬಿಯಾ ಅಂತ ಮಾರುತ್ತಾರಲ್ಲ, ಗೇಣುದ್ದದ ಗಿಡ್ಡ ಜಾತಿ, ಅದೇ ಇದು. ನಮ್ಮ ಕರಜಗಿಯ ಬಿಸಿಲು ಗೊತ್ತೇ ಇದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೆ ಗುಲಾಬಿ ಕೈ ಎತ್ತಿಬಿಡುತ್ತದೆ. ಇದು ಮಾತ್ರ ಮಾಳಿಗೆ ಮೇಲೆ ಕೆಂಪಗೆ ನಗುತ್ತ ಕೂತಿರುತ್ತದೆ. ನೆರಳಿಗಿಟ್ಟರೆ ಬರೀ ಎಲೆ, ಹೂವಿಲ್ಲ. ಹಟಮಾರಿ, ಅಲ್ವಾ?

ಮೊದಲನೆಯದನ್ನು ನಾನೇ ಕೊಂದೆ, ಪ್ರೀತಿಯಿಂದ. ಬರೀ ಎರಿ ಮಣ್ಣು, ದಿನಾ ಎರಡು ತಂಬಿಗೆ ನೀರು. ಬೇರು ಕೊಳೆತು ಅಂಬಲಿಯಾಯಿತು. ಎರಡನೆಯದಕ್ಕೆ ಅರ್ಧಕ್ಕರ್ಧ ಹೊಳೆ ಮರಳು ಬೆರೆಸಿ, ಮಣ್ಣು ಪೂರಾ ಒಣಗಿದ ಮೇಲಷ್ಟೇ ನೀರು ಹಾಕಿದೆ. ನಾಲ್ಕು ವರ್ಷವಾಯಿತು, ಜಪ್ಪಯ್ಯ ಅಂದರೂ ಅಲುಗಿಲ್ಲ.

ಹೂವಿನದೂ ಒಂದು ಚೇಷ್ಟೆ. ನಾವು ಪಕಳೆ ಅಂದುಕೊಂಡಿರುವ ಆ ಎರಡು ಕೆಂಪು ಎಸಳು ಪಕಳೆಯೇ ಅಲ್ಲ, ಬಣ್ಣ ಬಳಿದುಕೊಂಡ ಎಲೆ. ನಿಜವಾದ ಹೂಗಳು ನಡುವಿನ ಕಾಳಿನಷ್ಟು ಗುಂಪಿನಲ್ಲಿ ಅಡಗಿವೆ. ಹಂದರ ದೊಡ್ಡದು, ಮದುಮಗ ಸಣ್ಣವ! ಮೂಲ ಊರು ಮಡಗಾಸ್ಕರ್. ರಿಯೂನಿಯನ್ ದ್ವೀಪದ ಗವರ್ನರನಾಗಿದ್ದ ಮಿಲಿಯಸ್ ಎಂಬವನು 1821ರಲ್ಲಿ ಫ್ರಾನ್ಸಿಗೆ ಒಯ್ದನಂತೆ. ಅವನ ಹೆಸರೇ ಗಿಡಕ್ಕೆ ಅಂಟಿಕೊಂಡು ಮಿಲಿ ಆಯಿತು.

ಅಂಟು ಅಂದಾಗ ನೆನಪಾಯಿತು. ಸಣ್ಣವನಿದ್ದಾಗ ಹೊಲದ ಬದುವಿನ ಕಳ್ಳಿ ಮುರಿದು, ಹಾಲು ಮೆತ್ತಿದ ಕೈಯಿಂದಲೇ ಕಣ್ಣು ತಿಕ್ಕಿಕೊಂಡಿದ್ದೆ. ಬೆಂಕಿ ಇಟ್ಟ ಹಾಗೆ ಉರಿ. ಮುತ್ಯಾ ದರದರ ಎಳೆದೊಯ್ದು ಬಾವಿಯ ನೀರು ಕೊಡಗಟ್ಟಲೆ ಸುರಿದ, ಮೇಲೆ ಎರಡು ಬಿಟ್ಟ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ನಮ್ಮ ಆಡು ಆ ಬದುವಿನ ಕಡೆ ಮುಖ ಹಾಕಿದ್ದನ್ನೇ ನಾ ಕಾಣೆ. ಅದಕ್ಕಿದ್ದ ಬುದ್ಧಿ ನನಗಿರಲಿಲ್ಲ.

ಇಷ್ಟೆಲ್ಲ ಕೇಳಿ ಕಾಕು, "ಒಂದು ಟೊಂಗಿ ಕೊಡು ನೋಡೂಣು" ಅಂದರು. ಜಗಳದ ಮಾತು ಎಲ್ಲಿ ಹೋಯಿತೋ!

ನಿಮಗೂ ಬೇಕಿದ್ದರೆ ಬನ್ನಿ. ಕೊಯ್ದ ಟೊಂಗೆಯ ಹಾಲು ತೊಳೆದು, ಮೂರು ದಿನ ನೆರಳಲ್ಲಿ ಆರಿಸಿ ನೆಡಿ. ಅಲ್ಲಿಯವರೆಗೆ ಕಣ್ಣಿಗೆ ಕೈ ಹಚ್ಚಬೇಡಿ.